ಅದೇ ಯಂತ್ರ ಹೌದೋ ಅಲ್ಲವೋ

3 ಮಾರ್ಚ್

ತಮ್ಮನಿಗೆ,

ಫೋನ್ ಮಾಡೋಣವೆಂದರೆ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿಟ್ಟಿದ್ದೀಯ. ಮೆಸೇಜು ಹಾಕಿದರೆ ಒಂದೇ ಟಿಕ್ಕು ಬಂದು ಅಲ್ಲೇ ಕೂರುತ್ತದೆ. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಿಳಾಸ ನಿನ್ನ ಭಾವನ ಡೈರಿಯಲ್ಲಿತ್ತು. ಅವರ ಹತ್ತಿರ ಹೇಗೆ ಬಂತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ವಿಷಯ ಇಷ್ಟೇ. ವರ್ಕ್‌ಶಾಪಿನ ಕಂಪ್ಯೂಟರು ಕೈಕೊಟ್ಟಿದೆ. ಹೋದ ವಾರ ಬೂಟಿನ ಚರ್ಮ ಕತ್ತರಿಸುತ್ತಿದ್ದಾಗ ಡಬ್ಬಿಯೊಳಗೆ ಟಪ್ಪೆಂದು ಸದ್ದಾಯಿತು, ಸುಟ್ಟ ವಾಸನೆ ಬಂತು, ಕತ್ತರಿಸುವ ಯಂತ್ರ ಅರ್ಧ ಹಿಮ್ಮಡಿಯಲ್ಲಿ ನಿಂತುಬಿಟ್ಟಿತು. ರಿಪೇರಿಯವನನ್ನು ಕರೆಸಿದೆ. ಏನೇ ಕೊಟ್ಟರೂ ಮೊದಲು ಬಾಯಿಂದ ಊದಿ ನೋಡುವ ಅಭ್ಯಾಸ ಅವನದು, ಹಾಗಾಗಿ ನಾವು ಅವನನ್ನು ಊದುಗೊಳವೆ ಎನ್ನುತ್ತೇವೆ. ಊದಿ ಊದಿ ಕೊನೆಗೆ, "ಮದರ್‌ಬೋರ್ಡು ಹೋಗಿದೆ ಅಕ್ಕ" ಎಂದ. ಹಾಗಂದರೆ ಏನಪ್ಪಾ ಎಂದು ಕೇಳಿದೆ. "ಒಳಗಿರೋ ಎಲ್ಲಾ ಭಾಗಗಳೂ ಬಂದು ಕೂರೋ ಹಲಗೆ" ಎಂದ. ಬದಲಾಯಿಸಿ ಕೊಟ್ಟ. ಡಿಸ್ಕಿಗೆ ಏನೂ ಆಗಿಲ್ಲ. ಗಿರಾಕಿಗಳ ಕಾಲಿನ ಅಳತೆಗಳೆಲ್ಲ ನೀನಿಟ್ಟ ಹೆಸರಿನಲ್ಲೇ ಹಾಗೇ ಇವೆ. 'ಕೋಪದ ಹೆಬ್ಬೆರಳು', 'ಗೇಟ್‌ಕೀಪರ್ ಎಡ', 'ಟೀಚರಮ್ಮ ಒಂದಿಂಚು', ಎಲ್ಲಾ.

ಆದರೆ ಪರದೆಯ ಮೂಲೆಯಲ್ಲಿ ಈಗ ಒಂದು ಸಾಲು ಬಂದು ಕೂತಿದೆ. ಒಳಗಿನ ಸಾಫ್ಟ್‌ವೇರು ಓಡಿಸಲು ಈ ಯಂತ್ರಕ್ಕೆ ಪರವಾನಗಿ ಇಲ್ಲವಂತೆ. ಅದೇ ಟೇಬಲ್ಲು, ಅದೇ ಡಬ್ಬಿ, ಅದೇ ಮುರುಕು ಕುರ್ಚಿಯ ಮೇಲೆ ಅದೇ ನಾನು. ಹಲಗೆ ಬದಲಾದ ಮಾತ್ರಕ್ಕೆ ಇದು ಬೇರೆ ಯಂತ್ರವಂತೆ. ನನಗೆ ತಲೆಬುಡ ಅರ್ಥವಾಗಲಿಲ್ಲ.

ಊದುಗೊಳವೆ ಹೇಳುವ ಪ್ರಕಾರ ಪರವಾನಗಿಯಲ್ಲಿ ಎರಡು ಜಾತಿ. ಒಂದು ಗೋಡೆಗೆ ಬಳಿದ ಬಣ್ಣದ ಹಾಗೆ, ಗೋಡೆ ಬಿದ್ದರೆ ಅದೂ ಹೋಯಿತು. ಇನ್ನೊಂದು ಗೋಡೆಗೆ ತೂಗುಹಾಕಿದ ಪಟದ ಹಾಗೆ, ತೆಗೆದು ಬೇರೆ ಗೋಡೆಗೆ ಹಾಕಬಹುದು. ಪೂರ್ತಿ ಪರವಾನಗಿ ಎಂದರೆ ಈ ಎರಡನೆಯದು. ಅದಾದರೆ ಕೊಂಡವನ ಖಾತೆಯಲ್ಲಿ ಇರುತ್ತದಂತೆ. ಖಾತೆ ನಿನ್ನದು. ಅದನ್ನು ತೆರೆದು ಹೊಸ ಹಲಗೆಗೆ ಹಾಕಿಕೊಡು. ಬೇರೇನೂ ಕೇಳುತ್ತಿಲ್ಲ.

ಅಕ್ಕ

(ಮೂರು ಸಲ ಬರೆದು ಹರಿದು, ನಾಲ್ಕನೆಯ ಸಲ ಇದನ್ನು ಬರೆದಿದ್ದಾಳೆ. ಮೊದಲಿನ ಮೂರು ಇದಕ್ಕಿಂತ ಉದ್ದವಿದ್ದವು. – ಭಾವ)


14 ಮಾರ್ಚ್

ಅಕ್ಕನವರಿಗೆ,

ನಿಮ್ಮ ಪತ್ರ ತಲುಪಿತು. ನಾನು ತಂದದ್ದು ಪೂರ್ತಿ ಪರವಾನಗಿ. ಮೂರು ವರ್ಷದ ಹಿಂದೆಯೂ ಇದನ್ನೇ ಹೇಳಿದ್ದೆ. ಬಿಲ್ಲು ತೋರಿಸು ಎಂದಿರಿ. ಬಿಲ್ಲು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಯಾರೋ ಗಿರಾಕಿಯ ಮಗ ಪರದೆ ನೋಡಿ "ಇದು ಕಳ್ಳ ಮಾಲು ಇರಬೇಕು" ಎಂದದ್ದನ್ನು ನಂಬಿ, ಐದು ಜನ ಕಾಲು ಅಳತೆಗೆ ಕೂತಿದ್ದ ಬೆಂಚಿನ ಮುಂದೆ ನೀವು ನನಗೆ "ಕಳ್ಳ" ಎಂದಿರಿ. ಕೊಟ್ಟದ್ದರಲ್ಲಿ ಅರ್ಧ ಜೇಬಿಗೆ ಇಳಿಸಿದೆ ಎಂದಿರಿ. ಇನ್ನು ನಿನ್ನ ದನಿ ನನ್ನ ಕಿವಿಗೆ ಬೀಳಬಾರದು ಎಂದೂ ಅಂದಿರಿ. ನಿಮ್ಮ ಮಾತಿನಂತೆಯೇ ನಡೆದಿದ್ದೇನೆ. ಹಳೆಯದನ್ನು ಕೆದಕುತ್ತಿಲ್ಲ, ಕೇಳಿದ್ದಕ್ಕೆ ಉತ್ತರ ಅಷ್ಟೇ.

ಇಲ್ಲಿ ಲಿಫ್ಟುಗಳ ಕೆಲಸ. ಹತ್ತೊಂಬತ್ತು ಕಟ್ಟಡಗಳು ನನ್ನ ಪಾಲಿಗಿವೆ. ಬಿಡುವಾದಾಗ ಖಾತೆ ತೆರೆಯಲು ನೋಡುತ್ತೇನೆ. ಪಾಸ್‌ವರ್ಡು ಮರೆತುಹೋಗಿದೆ. ಹೊಸದು ಕೇಳಿದರೆ ಖಾತೆಯಲ್ಲಿ ಬರೆಸಿದ ಫೋನಿಗೆ ಒಂದು ಸಂಖ್ಯೆ ಕಳಿಸುತ್ತದೆ. ಆಗ ವರ್ಕ್‌ಶಾಪಿನ ಫೋನ್ ನಂಬರನ್ನೇ ಬರೆಸಿದ್ದೆ. ಸಂಖ್ಯೆ ಬಂದರೆ ತಿಳಿಸಿ.

ಆ ಅರ್ಧ ಹಿಮ್ಮಡಿ ಯಾರ ಬೂಟಿನದು?

ಇತಿ,
ಲಿಫ್ಟ್ ಮೆಕ್ಯಾನಿಕ್


20 ಮಾರ್ಚ್

ಲಿಫ್ಟ್ ಮೆಕ್ಯಾನಿಕ್ ಸಾಹೇಬರಿಗೆ,

ಅಕ್ಕನವರಂತೆ! ನಿನ್ನ ಮೂಗು ಒರೆಸಿ ಶಾಲೆಗೆ ಕಳಿಸಿದವಳಿಗೆ ಇದೊಂದು ಬಾಕಿ ಇತ್ತು ನೋಡು. ಇರಲಿ.

ಹಿಮ್ಮಡಿ ಟೀಚರಮ್ಮ ಒಂದಿಂಚಿನದು. ಅವರ ಬಲಗಾಲು ಈಗ ಒಂದಿಂಚಲ್ಲ, ಒಂದೂಕಾಲು ಇಂಚು ಗಿಡ್ಡವಾಗಿದೆ. ಸದ್ಯಕ್ಕೆ ಕೈಯಲ್ಲೇ ಕತ್ತರಿಸಿ ಕೊಟ್ಟೆ. ಅಟ್ಟೆ ಸ್ವಲ್ಪ ಓರೆಯಾಯಿತು. ಅವರು ಬಾಗಿಲವರೆಗೆ ನಡೆದು ಹೋಗಿ ಒಮ್ಮೆ ತಿರುಗಿ ನೋಡಿದರು. ನೀನಿದ್ದಾಗ ಹಾಗೆ ತಿರುಗಿ ನೋಡುತ್ತಿರಲಿಲ್ಲ.

ನಿನ್ನೆ ಮಧ್ಯಾಹ್ನ ಫೋನಿಗೆ ಆರು ಅಂಕಿಯ ಸಂಖ್ಯೆ ಬಂತು. ಇದನ್ನು ಯಾರಿಗೂ ತೋರಿಸಬೇಡಿ ಎಂದು ಕೆಳಗೆ ಬರೆದಿತ್ತು. ಅದಕ್ಕೆ ನಿನ್ನ ಭಾವನಿಗೂ ತೋರಿಸಲಿಲ್ಲ. ಊದುಗೊಳವೆ ಇಣುಕಿ ನೋಡಲು ಬಂದ, ಫೋನನ್ನು ಸೆರಗಿನೊಳಗೆ ಇಟ್ಟುಕೊಂಡೆ. ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಡಿಚಿ, ಸುತ್ತ ಅಂಟು ಹಚ್ಚಿ ಈ ಕವರಿನಲ್ಲಿಟ್ಟಿದ್ದೇನೆ. ಅಟ್ಟೆಗೆ ಹಚ್ಚುವ ಅಂಟು, ಬಿಸಿ ಹಬೆ ಹಿಡಿದರೆ ಮಾತ್ರ ಬಿಡುತ್ತದೆ. ನಡುವೆ ಯಾರೂ ಬಿಚ್ಚದಿರಲಿ ಎಂದು ಪತ್ರವನ್ನು ರಿಜಿಸ್ಟರ್ ಕೂಡ ಮಾಡಿಸಿದ್ದೇನೆ. ಇದಕ್ಕಿಂತ ಹುಷಾರಾಗಿ ಯಾರು ಕಳಿಸುತ್ತಾರೆ ಹೇಳು.

ಅಕ್ಕ


27 ಮಾರ್ಚ್

ಅಕ್ಕ,

ಚೀಟಿ ಬಿಚ್ಚಲು ಕೆಳಗಿನ ಇಸ್ತ್ರಿ ಅಂಗಡಿಗೆ ಹೋಗಿ ಹಬೆ ಹಿಡಿಸಿಕೊಂಡು ಬಂದೆ. ಇಸ್ತ್ರಿಯವನು "ಏನ್ ಸಾರ್, ಅಷ್ಟು ಗುಟ್ಟು?" ಎಂದು ಕೇಳಿದ. ಹೇಳಿದೆ. ಅವನು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗುವುದೋ ತಲೆ ಚಚ್ಚಿಕೊಳ್ಳುವುದೋ ತಿಳಿಯಲಿಲ್ಲ.

ಆ ಸಂಖ್ಯೆಯ ಆಯುಷ್ಯ ಹತ್ತು ನಿಮಿಷ. ಹತ್ತು ದಿನವಲ್ಲ, ಹತ್ತು ನಿಮಿಷ. ನಾನು ಇಲ್ಲಿ ಕೇಳಿದ ಹತ್ತು ನಿಮಿಷದೊಳಗೆ ನೀವು ಅಲ್ಲಿಂದ ಓದಿ ಹೇಳಬೇಕು. ನೀವು ಅದನ್ನು ಅಂಚೆಗೆ ಹಾಕುವ ಮೊದಲೇ ಅದು ಸತ್ತುಹೋಗಿತ್ತು. ರಿಜಿಸ್ಟರ್ ಬೇರೆ!

ಇನ್ನೊಂದು ಸಲ ಕೇಳುತ್ತೇನೆ. ಆಗ ಭಾವನಿಂದ ನನಗೆ ಫೋನ್ ಮಾಡಿಸಿ. ಅವರ ನಂಬರು ತೆರೆದೇ ಇದೆ. ಅದು ಬೇಡವೆಂದರೆ ಹೊಸ ಪರವಾನಗಿ ಕೊಂಡುಬಿಡಿ, ಅರ್ಧ ಗಂಟೆಯ ಕೆಲಸ. ಅದನ್ನು ನೀವು ಯಾಕೆ ಮೊದಲೇ ಮಾಡಲಿಲ್ಲ ಎಂಬುದೇ ನನಗೆ ಅರ್ಥವಾಗುತ್ತಿಲ್ಲ. ಊದುಗೊಳವೆ ಹೇಳಿರಬೇಕಲ್ಲ?

ಟೀಚರಮ್ಮನ ಬೂಟಿಗೆ ಒಳಗಿನಿಂದ ತೆಳು ಚರ್ಮದ ಎರಡು ಪದರ ಕೊಡಿ, ಓರೆ ಹೋಗುತ್ತದೆ.

ತಮ್ಮ


2 ಏಪ್ರಿಲ್

ಮೊಂಡನಿಗೆ,

ಹತ್ತು ನಿಮಿಷವಂತೆ. ಅಷ್ಟರಲ್ಲಿ ನನ್ನ ಕನ್ನಡಕವೇ ಸಿಗುವುದಿಲ್ಲ.

ಭಾವನನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಅಕ್ಕ ತಮ್ಮನ ಮಧ್ಯೆ ನಾನು ಟೆಲಿಫೋನ್ ತಂತಿ ಆಗಲ್ಲ. ಬೇಕಿದ್ರೆ ನೀವೇ ಮಾತಾಡ್ಕೊಳ್ಳಿ" ಎಂದರು. ಮೂವತ್ತು ವರ್ಷದಲ್ಲಿ ಈ ಮನುಷ್ಯ ನನಗೆ ಇಲ್ಲ ಎಂದದ್ದು ಇದೇ ಮೊದಲು. ಸಮಯ ನೋಡಿ ಹೊಡೆದರು.

ಹೊಸದು ಯಾಕೆ ಕೊಳ್ಳಲಿಲ್ಲ ಎಂದು ಕೇಳಿದೆಯಲ್ಲ. ಊದುಗೊಳವೆ ಮೊದಲ ದಿನವೇ ಹೇಳಿದ್ದ. "ಹೊಸದು ತಗೊಳ್ಳಿ ಅಕ್ಕ, ಇಲ್ಲಾಂದ್ರೆ ಐದು ನಿಮಿಷದಲ್ಲಿ ಕಳ್ಳ ಕೀ ಹಾಕ್ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ" ಎಂದಿದ್ದ. ಎರಡನೆಯ ಮಾತಿಗೆ ದಬ್ಬಳ ತೋರಿಸಿದೆ. ಮೊದಲನೆಯದಕ್ಕೆ ನೋಡೋಣ ಎಂದೆ.

ಅವನು ಇನ್ನೊಂದು ಮಾತೂ ಹೇಳಿದ್ದ. ಹೊಸ ಹಲಗೆಗೆ ಹಳೆಯ ಪರವಾನಗಿ ಬಂದು ಕೂತರೆ ಅದು ಪೂರ್ತಿಯದ್ದು, ಅಸಲಿ. ಕೂರದಿದ್ದರೆ ಅಗ್ಗದ್ದು. ಅದನ್ನು ಕೇಳಿದ ಮೇಲೆ ನನಗೆ ಹೊಸದು ಕೊಳ್ಳಲು ಕೈ ಬರುತ್ತಿಲ್ಲ. ಮೂರು ವರ್ಷದಿಂದ ನನಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಈ ಯಂತ್ರವನ್ನು ಆನ್ ಮಾಡುವಾಗ, ನಾನು ಅವತ್ತು ಕೂಗಾಡಿದ್ದು ಕಳ್ಳನ ಮೇಲೋ ನಿಯತ್ತಿನವನ ಮೇಲೋ ಎಂದು ಒಮ್ಮೆ ಕೇಳಿಕೊಳ್ಳುತ್ತೇನೆ. ಆಮೇಲೆ ಕೆಲಸ ಶುರುವಾಗುತ್ತದೆ, ಮರೆಯುತ್ತೇನೆ. ಈಗ ಈ ಹಲಗೆ ಸುಟ್ಟು ಉತ್ತರ ತಿಳಿಯುವ ದಾರಿಯೊಂದು ತಾನಾಗಿ ತೆರೆದಿದೆ. ಹೊಸದು ಕೊಂಡರೆ ಅದು ಮುಚ್ಚಿಹೋಗುತ್ತದೆ. ನನಗೆ ಗೊತ್ತಾಗಬೇಕು, ಅಷ್ಟೇ.

ತುಂಬಾ ದಿನ ಕಾಯಲೂ ಆಗುವುದಿಲ್ಲ. ಆಸ್ಪತ್ರೆಯವರ ಬೂಟುಗಳ ಆರ್ಡರು ನಮ್ಮ ಬಳಿಯೇ ಇದೆ. ರೋಗಿಗಳ ಅಳತೆ ಇಟ್ಟಿರುವ ಯಂತ್ರಕ್ಕೆ ಸರಿಯಾದ ಪರವಾನಗಿ ಇರಬೇಕೆಂದು ಈ ಸಲ ಹೊಸ ನಿಯಮ ಬಂದಿದೆ. 29ಕ್ಕೆ ತಪಾಸಣೆಯ ಅಧಿಕಾರಿ ಬರುತ್ತಾರೆ.

ಅಕ್ಕ


11 ಏಪ್ರಿಲ್

ಅಕ್ಕ,

ನಿನ್ನ ಪತ್ರವನ್ನು ಐದು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಲಿಫ್ಟಿನ ಕೆಳಗಿನ ಹಳ್ಳದಲ್ಲಿ ಇಳಿದು ದೀಪ ಹಾಕಿಕೊಂಡು ಮತ್ತೆ ಮತ್ತೆ ಓದಿದೆ. ಈಗ ನಿಜ ಹೇಳುತ್ತೇನೆ, ಬೈಯಬೇಡ. ಬೈದರೂ ಪರವಾಗಿಲ್ಲ.

ನನಗೂ ಗೊತ್ತಿಲ್ಲ.

ಪರವಾನಗಿ ತಂದ ದಿನ, ಸಂಜೆಯೊಳಗೆ ಯಂತ್ರ ಓಡಬೇಕೆಂದು ನೀನು ಕೂತಲ್ಲಿ ನಿಂತಲ್ಲಿ ಅವಸರ ಮಾಡುತ್ತಿದ್ದೆ. ನಾನು ಅಂಗಡಿಗೆ ಹೋಗಿ, "ಪೂರ್ತಿ ಪರವಾನಗಿ ಕೊಡಿ" ಎಂದೇ ಕೇಳಿದೆ. ಇದು ಸತ್ಯ, ಆಣೆಯಿಟ್ಟು ಹೇಳಬಲ್ಲೆ. ಅಂಗಡಿಯವನು ಒಂದು ತೆಳ್ಳನೆಯ ಕವರು ಕೊಟ್ಟ. "ಡಬ್ಬಿ ಬರಲ್ವಾ?" ಎಂದೆ. "ಈಗೆಲ್ಲಾ ಹೀಗೇ ಬರೋದು, ಒಳಗಿರೋದು ಅದೇ" ಎಂದ. ದುಡ್ಡನ್ನು ಪೂರ್ತಿಯದಕ್ಕೇ ತೆಗೆದುಕೊಂಡ. ಬಿಲ್ಲು ನಾಳೆ ಕೊಡುತ್ತೇನೆಂದ, ನಾನು ಆ ಕಡೆ ಮತ್ತೆ ಹೋಗಲೇ ಇಲ್ಲ. ಈಗ ಆ ಅಂಗಡಿಯೇ ಇಲ್ಲ, ಅಲ್ಲೊಂದು ಔಷಧಿ ಅಂಗಡಿಯಿದೆ.

ಆ ಕವರು ನೋಡಿದಾಗ ನನಗೆ ಒಂದು ಕ್ಷಣ ಅನುಮಾನ ಬಂದಿತ್ತೋ, ಅಥವಾ ಈಗ ಹಿಂದಿರುಗಿ ನೋಡುವಾಗ ಬಂದಂತೆ ಅನ್ನಿಸುತ್ತಿದೆಯೋ, ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ಸಂಜೆ ಪರದೆಯ ಮೇಲೆ ಎಲ್ಲಾ ಸರಿಯಿದೆ ಎಂದು ಬಂತು, ನಾನು ಕೈ ಒರೆಸಿಕೊಂಡು ಎದ್ದೆ. ನೀನು ಬೆಂಚಿನವರ ಮುಂದೆ ಹಾಗೆ ಅಂದ ದಿನ ನನ್ನೊಳಗೇ ಯಾರೋ "ಇದ್ದರೂ ಇರಬಹುದಲ್ಲ" ಎಂದಂತಾಯಿತು. ಅದಕ್ಕೇ ನಾನು ನಿನಗಿಂತ ಜೋರಾಗಿ ಕೂಗಿದೆ. ಮೂರು ವರ್ಷ ಮುಖ ಊದಿಸಿಕೊಂಡು ಕೂತಿದ್ದೂ ಅದಕ್ಕೇ ಇರಬೇಕು.

ಅದು ಹೊಸ ಹಲಗೆಗೆ ಬಂದು ಕೂರದಿದ್ದರೆ ನೀನು ಹೇಳಿದ್ದೇ ಖರೆಯಾಗುತ್ತದೆ. ಆಗ ನಾನು ಏನೆಂದು ಮುಖ ತೋರಿಸಲಿ? ಈ ಪರೀಕ್ಷೆ ಬೇಡ ಅಕ್ಕ. ಹೊಸದು ತಗೋ.

ತಮ್ಮ


16 ಏಪ್ರಿಲ್

ಮೊಂಡ,

ಪರೀಕ್ಷೆ ಮಾಡಿಯೇ ತೀರುವುದು. 24ನೇ ತಾರೀಕು, ಬೆಳಿಗ್ಗೆ ಹನ್ನೊಂದು. ಹತ್ತೂವರೆಗೆ ನನ್ನ ನಂಬರಿನ ಬ್ಲಾಕ್ ತೆಗೆ. ನೀನು ಅಲ್ಲಿ ಸಂಖ್ಯೆ ಕೇಳು, ನಾನು ಇಲ್ಲಿಂದ ಓದುತ್ತೇನೆ. ಬೇರೆ ಮಾತಾಡಬೇಕೆಂದೇನಿಲ್ಲ, ಅಂಕಿ ಹೇಳಿದರೆ ಸಾಕು. ನೀನು ಹೊಸ ಪಾಸ್‌ವರ್ಡು ಹೇಳು, ಊದುಗೊಳವೆ ಪಕ್ಕದಲ್ಲಿ ಕೂತು ನನಗೆ ಎಲ್ಲೆಲ್ಲಿ ಒತ್ತಬೇಕೆಂದು ತೋರಿಸುತ್ತಾನೆ.

ಕನ್ನಡಕವನ್ನು ಹಿಂದಿನ ದಿನವೇ ಫೋನಿಗೆ ಕಟ್ಟಿಡುತ್ತೇನೆ.

ಅಕ್ಕ


25 ಏಪ್ರಿಲ್

ಅಕ್ಕಾ,

ನಿನ್ನೆಯಿಂದ ನನ್ನ ಕಾಲು ನೆಲಕ್ಕೆ ತಾಗುತ್ತಿಲ್ಲ!

ಫೋನಿನಲ್ಲಿ ಹೆಚ್ಚು ಮಾತಾಡಲು ಆಗಲಿಲ್ಲ. ನೀನು ಹಲೋ ಕೂಡ ಅನ್ನದೆ ನೇರವಾಗಿ "ನಾಲ್ಕು, ಒಂಬತ್ತು, ಒಂಬತ್ತು" ಎಂದು ಶುರು ಮಾಡಿದೆಯಲ್ಲ, ಅಲ್ಲಿಗೇ ನಾನು ಒಂದು ಅಂಕಿ ತಪ್ಪಾಗಿ ಒತ್ತಿ, ಅಳಿಸಿ ಮತ್ತೆ ಒತ್ತಿದೆ. ಆಮೇಲೆ ಊದುಗೊಳವೆ ಹಿಂದಿನಿಂದ "ಅಲ್ಲಿ ಒತ್ತಿ ಅಕ್ಕ, ಅಲ್ಲಲ್ಲ, ಅದರ ಕೆಳಗೆ" ಎನ್ನುತ್ತಿದ್ದ. ಆಮೇಲೆ ಯಾರೂ ಮಾತಾಡಲಿಲ್ಲ. ಎಷ್ಟು ಹೊತ್ತು ಗೊತ್ತಾ? ನಾನು ಗಡಿಯಾರ ನೋಡುತ್ತಲೇ ಇದ್ದೆ, ಎರಡು ನಿಮಿಷ. ನನಗೆ ತಡೆಯಲಾಗದೆ "ಆಯ್ತಾ ಅಕ್ಕ?" ಎಂದೆ. "ಆಯ್ತು ಕಣೋ" ಎಂದೆ ನೀನು. ಅಷ್ಟೇ, ನಾನು ಕೆಳಗೆ ಓಡಿ ಇಸ್ತ್ರಿಯವನಿಗೂ ಹೇಳಿ ಬಂದೆ.

ಅಕ್ಕ, ಈ ಮೂರು ವರ್ಷದಲ್ಲಿ ಯಾರಾದರೂ "ಅಂಗಡಿಯಿಂದ ಇದೊಂದು ತಂದುಕೊಡು" ಎಂದರೆ ನಾನು ಹೋಗುತ್ತಿರಲಿಲ್ಲ. ಏನಾದರೂ ನೆಪ ಹೇಳುತ್ತಿದ್ದೆ. ಲಿಫ್ಟಿಗೆ ಒಂದು ಬೋಲ್ಟು ಬೇಕಾದರೂ ಜೊತೆಯವನನ್ನೇ ಕಳಿಸುತ್ತಿದ್ದೆ. ಅವರು ನನ್ನನ್ನು ಸೋಮಾರಿ ಎಂದುಕೊಂಡಿದ್ದಾರೆ. ಇವತ್ತು ಬೆಳಿಗ್ಗೆ ನಾನೇ ಹೋಗಿ ಎಲ್ಲರಿಗೂ ಗ್ರೀಸ್ ಡಬ್ಬಿ ತಂದೆ. ಎಲ್ಲರೂ ಪಿಳಿಪಿಳಿ ನೋಡಿದರು.

ಒಂದು ಯೋಚನೆ ಬಂದಿದೆ. ಬಿಲ್ಲು ಇಲ್ಲವೆಂದು ತಾನೇ ಇಷ್ಟೆಲ್ಲಾ ಆಗಿದ್ದು? ಪರವಾನಗಿಯ ಕಂಪನಿಗೆ ಫೋನ್ ಮಾಡಿ, ಇದು ಪೂರ್ತಿ ಅಸಲಿ ಎಂದು ಒಂದು ಕಾಗದ ಬರೆಸಿಕೊಳ್ಳುತ್ತೇನೆ. ಅದಕ್ಕೆ ಕಟ್ಟು ಹಾಕಿಸಿ ತಂದು ನಿನ್ನ ವರ್ಕ್‌ಶಾಪಿನ ಗೋಡೆಗೆ ಹೊಡೆಯುತ್ತೇನೆ. ಬೆಂಚಿನ ಮೇಲೆ ಕೂತವರೆಲ್ಲಾ ಓದಲಿ.

29ರ ತಪಾಸಣೆ ಮುಗಿದ ಮೇಲೆ ಹೇಗಾಯಿತು ಬರೆ. ಬೇಗ ಬರೆ.

ನಿನ್ನ ಮೊಂಡ


30 ಏಪ್ರಿಲ್

ಮೊಂಡ,

ತಪಾಸಣೆಯಾಯಿತು. ಅಧಿಕಾರಿಣಿ ಪರದೆ ನೋಡಿದರು, ಏನೋ ಗೀಚಿಕೊಂಡರು, ಸರಿಯಿದೆ ಎಂದರು. ಹೋಗುವಾಗ ತಮ್ಮ ಚಪ್ಪಲಿಯ ಉಂಗುಷ್ಠ ಹೊಲಿಸಿಕೊಂಡು ಹೋದರು. ಆರ್ಡರು ಉಳಿಯಿತು.

ಕಾಗದ ಗೀಗದ ತರಲು ಹೋಗಬೇಡ. ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗವಿಲ್ಲ, ಎಲ್ಲಾ ಕಡೆ ಮರದ ಕಾಲಚ್ಚುಗಳನ್ನು ತೂಗುಹಾಕಿದ್ದೇನೆ. ಆ ಕಂಪನಿಯವರಿಗೆ ಫೋನ್ ಮಾಡಿದರೆ ಗಂಟೆಗಟ್ಟಲೆ ಕಾಯಿಸುತ್ತಾರಂತೆ, ಊದುಗೊಳವೆ ಹೇಳಿದ. ಬೇಡ ಬಿಡು. ಆದದ್ದಾಯಿತು.

ಇನ್ನೂ ಬರೆಯೋಣವೆಂದರೆ ಕೈ ತುಂಬಾ ಕೆಲಸ.

ಅಕ್ಕ

(ಎರಡು ದಿನದಿಂದ ನಿಮ್ಮಕ್ಕ ನನ್ನ ಜೊತೆಯೂ ಸರಿಯಾಗಿ ಮಾತಾಡುತ್ತಿಲ್ಲ. ಏನೆಂದು ತಿಳಿಯದು. – ಭಾವ)


9 ಮೇ

ಅಕ್ಕ,

ನೀನು ಬೇಡವೆಂದರೂ ಫೋನ್ ಮಾಡಿದೆ. ಹೌದು, ಗಂಟೆಗಟ್ಟಲೆ ಕಾಯಿಸಿದರು. ಕೊನೆಗೊಬ್ಬಳು ಹುಡುಗಿ ಸಿಕ್ಕಳು, ಒಳ್ಳೆಯ ಹುಡುಗಿ, ತಾಳ್ಮೆಯಿಂದ ಹುಡುಕಿದಳು. ಆಮೇಲೆ, "ಸರ್, ಏಪ್ರಿಲ್ ಇಪ್ಪತ್ನಾಲ್ಕು, ಹನ್ನೊಂದು ಹದಿನೆಂಟಕ್ಕೆ ನಿಮ್ಮ ಖಾತೆಯಿಂದ ಕೋರಿಕೆ ಬಂದಿದೆ. ಆದ್ರೆ ಅದು ಆಗಿಲ್ಲ ಸರ್. ಇದು ಮೊದಲಿನ ಬೋರ್ಡಿನ ಜೊತೆಗೇ ಮುಗಿಯೋ ಪರವಾನಗಿ, ಬೇರೇದಕ್ಕೆ ಬರಲ್ಲ" ಎಂದಳು. ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಹೇಳಿದಳು.

ಹನ್ನೊಂದು ಹದಿನೆಂಟಕ್ಕೆ ನೀನು ನನಗೆ ಹೇಳಿದ್ದು "ಆಯ್ತು ಕಣೋ" ಎಂದು.

ಈಗ ನನಗೆ ಏನೂ ತಿಳಿಯುತ್ತಿಲ್ಲ. ನೀನು ಯಾಕೆ ಹಾಗಂದೆ? ಕಳ್ಳನೆಂದು ಗೊತ್ತಾಯಿತು, ಪಾಪ ಬಿಡು ಎಂದುಕೊಂಡೆಯಾ? ನನ್ನ ಮೇಲೆ ಕನಿಕರವಾ? ಕಳ್ಳ ಎಂದು ಬೈಸಿಕೊಂಡಾಗ ನಾನು ಹೇಗೋ ತಡೆದುಕೊಂಡೆ, ಒಳಗೆ ಸಿಟ್ಟಾದರೂ ಇತ್ತು. ಇದನ್ನು ತಡೆದುಕೊಳ್ಳಲು ನನ್ನ ಕೈಯಲ್ಲಿ ಆಗುತ್ತಿಲ್ಲ. ಎಲ್ಲರಿಗೂ ಹೇಳಿಕೊಂಡು ಕುಣಿದೆನಲ್ಲ, ಅದನ್ನು ನೆನೆದರೆ ಮೈ ಹಿಡಿಯಾಗುತ್ತದೆ.

ನಾನು ಪೂರ್ತಿಯದ್ದೇ ಕೇಳಿದ್ದೆ ಅಕ್ಕ. ಪೂರ್ತಿಯದಕ್ಕೇ ಕೊಟ್ಟೆ. ಇದಕ್ಕೆ ನನ್ನ ಬಾಯಿಮಾತು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಬಾಯಿಮಾತಿಗೆ ಎಷ್ಟು ಬೆಲೆ ಎಂದು ಆ ಬೆಂಚಿನ ಮುಂದೆಯೇ ನೋಡಿದ್ದೇನೆ.

ಇನ್ನು ಬರೆಯಬೇಡ. ನಂಬರನ್ನು ಮತ್ತೆ ಬ್ಲಾಕ್ ಮಾಡಿದ್ದೇನೆ.

ತಮ್ಮ


13 ಮೇ

ನನ್ನ ತಮ್ಮನಿಗೆ,

ಹೌದು, ಅದು ಆಗಲಿಲ್ಲ. ಪರದೆಯ ಮೇಲೆ ಎರಡು ಸಾಲು ಬಂತು. ಊದುಗೊಳವೆ ಓದಿ, ನನ್ನ ಮುಖ ನೋಡಿ, ಬಾಯಿ ತೆರೆಯಲು ಹೋದ. ಕೈ ಅಡ್ಡ ಹಿಡಿದೆ. ನೀನು ಆ ಕಡೆ ಉಸಿರಾಡುವುದು ಕೇಳುತ್ತಿತ್ತು. ಆಗ ನೀನು "ಆಯ್ತಾ ಅಕ್ಕ?" ಎಂದೆ. ಚಿಕ್ಕವನಿದ್ದಾಗ ಮುಳ್ಳು ತೆಗೆಯುವಾಗ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆಯಲ್ಲ, ಅದೇ ದನಿಯಲ್ಲಿ. "ಆಯ್ತು" ಎಂಬ ಮಾತು ತಾನಾಗಿ ಬಾಯಿಂದ ಬಿತ್ತು. ಮಧ್ಯಾಹ್ನವೇ ಹೋಗಿ ಹೊಸದನ್ನು ತಂದೆ. ಸುಳ್ಳು ಹೇಳಿದೆನೆಂದು ಒಂದು ಬಾರಿ ಬಯ್ದುಕೋ, ಒಪ್ಪಿದೆ. ಕಳ್ಳತನ ಹೊರಿಸಿ ತಮ್ಮನನ್ನು ಓಡಿಸಿದವಳು ಕೊನೆಗೆ ತಾನೇ ಹಸಿ ಸುಳ್ಳು ಹೇಳಿ ಸಿಕ್ಕಿಬಿದ್ದಳು.

ಆದರೆ ಕನಿಕರ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗ ಹೊಟ್ಟೆಗೆ ಬೆಂಕಿ ಬಿತ್ತು. ಕನಿಕರವಲ್ಲ ಕಣೋ. ಆ ಎರಡು ಸಾಲನ್ನು ನಾನು ಓದಿದೆ, ಮತ್ತೆ ಓದಿದೆ. ಅದರಲ್ಲಿ ಹಲಗೆಯ ವಿಷಯವಿತ್ತು, ಪರವಾನಗಿಯ ವಿಷಯವಿತ್ತು. ನಿನ್ನ ವಿಷಯ ಒಂದಕ್ಷರವೂ ಇರಲಿಲ್ಲ. ಅಂಗಡಿಯವನು ನಿನಗೆ ಟೋಪಿ ಹಾಕಿದನೋ, ನೀನು ನನಗೆ ಹಾಕಿದೆಯೋ, ಅದು ಆ ಯಂತ್ರಕ್ಕೆ ಹೇಗೆ ಗೊತ್ತಿರುತ್ತದೆ? ಎರಡು ತಿಂಗಳು ಅದರ ಬಾಯಿಂದ ಹೇಳಿಸಬೇಕೆಂದು ಕಾದು ಕೂತಿದ್ದೆ. ಎಂಥ ಮಂಕು ನಾನು. ನಿನ್ನ ಬಾಯಿಂದ ಮೂರು ವರ್ಷದ ಹಿಂದೆಯೇ ಕೇಳಿದ್ದೆನಲ್ಲ.

ನೀನು ಕಳ್ಳನಲ್ಲ. ಇದನ್ನು ರುಜುವಾತು ಮಾಡಲು ನನ್ನ ಬಳಿ ಏನೂ ಇಲ್ಲ, ನನಗೆ ಬೇಕಾಗಿಯೂ ಇಲ್ಲ. ಅವತ್ತು ಬೆಂಚಿನ ಮೇಲಿದ್ದ ಐವರಲ್ಲಿ ನಾಲ್ವರನ್ನು ಈ ವಾರ ಹುಡುಕಿಕೊಂಡು ಹೋಗಿ, ನನ್ನ ಮಾತು ತಪ್ಪು ಎಂದು ಹೇಳಿ ಬಂದೆ. ಗೇಟ್‌ಕೀಪರ್ ಎಡದವರಿಗೆ ನೆನಪೇ ಇರಲಿಲ್ಲ, ಟೀ ಕುಡಿಸಿ ಕಳಿಸಿದರು. ಟೀಚರಮ್ಮ ಮಾತ್ರ "ಇದನ್ನ ನನಗ್ಯಾಕೆ ಹೇಳ್ತೀರಿ? ಅವನಿಗೆ ಹೇಳಿ" ಎಂದರು. ಐದನೆಯವರು ಈಗ ಇಲ್ಲ, ಹೋದ ವರ್ಷ ತೀರಿಕೊಂಡರು. ಅವರ ಮನಸ್ಸಿನಲ್ಲಿ ನೀನು ಹಾಗೇ ಉಳಿದು ಹೋದೆ. ಅದನ್ನು ನಾನು ಸರಿಮಾಡಲಾರೆ.

ತಪ್ಪಾಯಿತು. ಇದನ್ನು ಮೊದಲ ಪತ್ರದಲ್ಲೇ ಬರೆಯಬೇಕೆಂದು ಮೂರು ಸಲ ಬರೆದು ಹರಿದಿದ್ದೆ.

ಬರೆಯಬೇಡ ಎಂದಿದ್ದೀಯ, ಫೋನೂ ಇಲ್ಲ. ಹಾಗಾಗಿ ಇದನ್ನು ಅಂಚೆಗೆ ಹಾಕುತ್ತಿಲ್ಲ. ಬೆಳಿಗ್ಗೆಯ ಬಸ್ಸು ಹಿಡಿದು ಬಂದೆ. ಮೂರನೆಯ ಮಹಡಿಯಲ್ಲಿ, ನಿನ್ನ ಕೋಣೆಯ ಎದುರಿನ ಮೆಟ್ಟಿಲ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ. ಬಾಗಿಲು ಬಡಿಯಲು ಎರಡು ಸಲ ಎದ್ದೆ, ಕೈ ಬರಲಿಲ್ಲ. ಈಗಷ್ಟೇ ಒಳಗೆ ನೀನು ಕೆಮ್ಮಿದ್ದು ಕೇಳಿಸಿತು. ಇದನ್ನು ಬಾಗಿಲ ಕೆಳಗಿನಿಂದ ತಳ್ಳುತ್ತೇನೆ.

ಓದಿ ಮುಗಿಸಿ ತೆಗೆ. ಅವಸರವೇನಿಲ್ಲ, ಕೊನೆಯ ಬಸ್ಸು ಹೋದರೂ ನಾನು ಇಲ್ಲೇ ಇರುತ್ತೇನೆ.

ಅಕ್ಕ